ಸೀಲಿಂಗ್‌ನ ಹಳೆ ಸ್ಪೀಕರ್‌ಗೆ ಹೊಸ ಸ್ಟ್ರೀಮಿಂಗ್: ಪೆಟ್ಟಿಗೆ ಕೊಳ್ಳುವ ಮೊದಲು ಏಣಿ ಹತ್ತಿ

ಇಂಟರ್‌ನೆಟ್‌ನಿಂದ ಹಾಡು ತಂದು ನುಡಿಸುವ ಸ್ಟ್ರೀಮಿಂಗ್ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಗೋಡೆಯಿಂದ ಹೊರಬಂದ ಹಳೆ ವೈರಿಗೆ ಸಿಕ್ಕಿಸುತ್ತಾರೆ, ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು ಬರುತ್ತದೆ. ಇಲ್ಲವೇ ಹಾಲ್‌ನಲ್ಲಿ ಹಾಡು, ಊಟದ ಕೋಣೆಯಲ್ಲಿ ಬರೀ ತಬಲಾ. ಅದೂ ಅಲ್ಲವಾದರೆ ಹತ್ತು ನಿಮಿಷಕ್ಕೆ ಆಂಪ್ಲಿಫೈಯರ್ ತಾನಾಗಿ ಆಫ್. ಕೊಡಗಿನ ಎಸ್ಟೇಟ್ ಬಂಗಲೆ, ಹೋಂಸ್ಟೇಗಳಲ್ಲಿ ಈ ಮೂರು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ಮೂರಕ್ಕೂ ಬೇರು ಒಂದೇ: ಕೊನೆಗೆ ಕೊಳ್ಳಬೇಕಾದ್ದನ್ನು ಮೊದಲು ಕೊಂಡದ್ದು.

ಸ್ಪೀಕರ್ ಯಾವ ಜಾತಿಯದೆಂದು ಗೊತ್ತಾಗದೆ ಆಂಪ್ಲಿಫೈಯರ್ ಆರಿಸಲಾಗದು. ಆಂಪ್ಲಿಫೈಯರ್ ನಿಶ್ಚಯವಾಗದೆ ಯಾವ ಪೆಟ್ಟಿಗೆ ಬೇಕೆಂದು ಹೇಳಲಾಗದು. ಹಾಗಾಗಿ ಮೇಲಿಂದ ಕೆಳಕ್ಕೆ ಬರಬೇಕು: ಸ್ಪೀಕರ್, ವೈರು, ಆಂಪ್ಲಿಫೈಯರ್, ಪೆಟ್ಟಿಗೆ, ಕೊನೆಗೆ ಇಂಟರ್‌ನೆಟ್.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಕರೆಂಟ್ ಟೆಸ್ಟರ್, 1.5 ವೋಲ್ಟ್‌ನ ಒಂದು ಪೆನ್ಸಿಲ್ ಸೆಲ್ ಮತ್ತು ಎರಡು ಗೇಣು ವೈರು, ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್, ಮಾಸ್ಕಿಂಗ್ ಟೇಪ್, ಟಾರ್ಚ್, ಗಟ್ಟಿ ಏಣಿ. ಫೋನಿನಿಂದ ಆಂಪ್ಲಿಫೈಯರ್‌ಗೆ ಹೋಗುವ 3.5 ಮಿ.ಮೀ.–ಆರ್‌ಸಿಎ ಕೇಬಲ್ ಒಂದು, ಪವರ್ ಬ್ಯಾಂಕ್ ಒಂದು. ಹೆಂಚಿನ ಮನೆಯ ಅಟ್ಟಕ್ಕೆ ಹತ್ತುವುದಿದ್ದರೆ ಮಾಸ್ಕ್ ಮರೆಯಬೇಡಿ. ಅಲ್ಲಿ ಇಲಿ, ಪುನುಗು ಬೆಕ್ಕುಗಳ ಹಿಕ್ಕೆ ಇರುತ್ತದೆ.

ಕೆಲಸವನ್ನು ನವೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ. ಕಕ್ಕಡದ (ಜುಲೈ–ಆಗಸ್ಟ್‌ನ) ಮಳೆಯಲ್ಲಿ ಅಟ್ಟದ ಮರ ಜಾರುತ್ತದೆ, ತೇವದಿಂದ ಮೀಟರ್ ತೋರಿಸುವ ಅಂಕಿಗಳೂ ನಂಬಿಕೆಗೆ ಅರ್ಹವಲ್ಲ.

1. ಕರೆಂಟ್ ತೆಗೆಯಿರಿ, ಎರಡೂ ಕಡೆಯದು

ಮೇನ್ ಸ್ವಿಚ್ ಇಳಿಸಿದರೆ ಮನೆಯೆಲ್ಲ ಸತ್ತಿದೆ ಎಂದುಕೊಳ್ಳಬೇಡಿ. ಇನ್ವರ್ಟರ್ ಲೈನ್ ಜೀವಂತವಾಗಿರುತ್ತದೆ. ತಾನಾಗಿ ಸ್ಟಾರ್ಟ್ ಆಗುವ ಜನರೇಟರ್ ಇದ್ದರೆ ಅದನ್ನೂ ನಿಲ್ಲಿಸಿ. ಸ್ಪೀಕರ್ ವೈರನ್ನೂ ಕರೆಂಟ್ ವೈರನ್ನೂ ಒಂದೇ ಪೈಪಿನಲ್ಲಿ ಎಳೆದ ಹಳೆ ಮನೆಗಳಿವೆ, ಆದ್ದರಿಂದ ಪ್ರತಿ ವೈರಿಗೂ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ. ಹಾಗೆ ಒಂದೇ ಪೈಪಿನಲ್ಲಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬೇರ್ಪಡಿಸುವವರೆಗೆ ಮುಂದೆ ಹೋಗಬಾರದು. ಕರೆಂಟ್ ವೈರಿನಿಂದ ಸ್ಪೀಕರ್‌ನಲ್ಲಿ ಕೇಳುವ ಗುಂಯ್ ಹೂಂಕಾರದ ಮಾತು ಹಾಗಿರಲಿ, ಇನ್ಸುಲೇಶನ್ ಇಲಿ ಕಡಿದ ದಿನ ಸ್ಪೀಕರ್ ಜಾಲಿಗೆ 230 ವೋಲ್ಟ್ ಬಂದು ಕೂರುತ್ತದೆ.

ಯಾವುದನ್ನೂ ಬಿಚ್ಚುವ ಮೊದಲು ಆಂಪ್ಲಿಫೈಯರ್‌ನ ಹಿಂಬದಿ, ಜಂಕ್ಷನ್ ಬಾಕ್ಸ್, ಗೋಡೆಯ ವಾಲ್ಯೂಮ್ ಗುಂಡಿಯ ಒಳಭಾಗ, ಎಲ್ಲದರ ಫೋಟೊ ತೆಗೆಯಿರಿ.

2. ಸ್ಪೀಕರ್ ಯಾವ ಜಾತಿ?

ಎಲ್ಲ ಸೋಲೂ ಗೆಲುವೂ ಈ ಹಂತದಲ್ಲಿದೆ, ಆತುರ ಬೇಡ. ಸೀಲಿಂಗ್ ಸ್ಪೀಕರ್‌ಗಳಲ್ಲಿ ಎರಡು ಜಾತಿ. ಮೊದಲನೆಯದು 4, 6 ಅಥವಾ 8 ಓಮ್‌ನ (ಓಮ್ ಎಂದರೆ ಪ್ರತಿರೋಧದ ಅಳತೆ) ಸಾಮಾನ್ಯ ಮನೆ ಸ್ಪೀಕರ್. ಎರಡನೆಯದು 100 ವೋಲ್ಟ್ ಲೈನ್ ಸ್ಪೀಕರ್: ಶಾಲೆ, ಕಲ್ಯಾಣಮಂಟಪ, ಬಸ್ ನಿಲ್ದಾಣಗಳಲ್ಲಿ ಹಾಕುವಂಥದ್ದು. ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಸೌಂಡ್ ಸಿಸ್ಟಂ ಅಂಗಡಿಯವರು ಹೆಚ್ಚಾಗಿ ಹಾಕಿಕೊಟ್ಟಿರುವುದು ಇದನ್ನೇ.

ಒಂದು ಸ್ಪೀಕರ್ ಕೆಳಗಿಳಿಸಿ ಹಿಂಬದಿ ನೋಡಿ. ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಅಂಟಿಕೊಂಡಿದ್ದು, 1.5, 3, 6 ವ್ಯಾಟ್ ಎಂದು ಬರೆದ ಮೂರ್ನಾಲ್ಕು ಟರ್ಮಿನಲ್ ಅಥವಾ ಬಣ್ಣದ ವೈರುಗಳಿದ್ದರೆ ಅದು 100 ವೋಲ್ಟ್ ಲೈನ್. ಬರೀ ಎರಡು ಟರ್ಮಿನಲ್, ಮ್ಯಾಗ್ನೆಟ್ ಮೇಲೆ ಓಮ್ ಬರೆದಿದ್ದರೆ ಸಾಮಾನ್ಯ ಜಾತಿ.

ಬರಹ ಅಳಿಸಿಹೋಗಿದ್ದರೆ ಮೀಟರ್ ತನ್ನಿ. ಸ್ಪೀಕರ್‌ನ ಎರಡೂ ವೈರು ಕಳಚಿ, ಮೀಟರನ್ನು 200 ಓಮ್‌ಗೆ ಇಟ್ಟು ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 8 ತೋರಿಸುವುದಿಲ್ಲ, 6ರಿಂದ 7ರ ಆಸುಪಾಸು ತೋರಿಸುತ್ತದೆ. 4 ಓಮ್‌ನದು 3ರಿಂದ 3.5. ಟ್ರಾನ್ಸ್‌ಫಾರ್ಮರ್ ಇದ್ದರೆ ಹತ್ತಾರು ಓಮ್‌ನಿಂದ ಕೆಲವು ನೂರರವರೆಗೆ ಬರುತ್ತದೆ. 'ಓಪನ್' ಎಂದು ತೋರಿಸಿದರೆ ಮೀಟರನ್ನು 2000 ಓಮ್‌ಗೆ ಏರಿಸಿ ಮತ್ತೆ ನೋಡಿ. ಆಗಲೂ 'ಓಪನ್' ಎಂದರೆ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟಿದೆ.

ವೈರು ಕಳಚದೆ ಅಳೆಯುವುದು ಇಲ್ಲಿನ ದೊಡ್ಡ ತಪ್ಪು. ಲೈನ್‌ನಲ್ಲಿರುವ ಉಳಿದ ಸ್ಪೀಕರ್‌ಗಳೆಲ್ಲ ಸಮಾಂತರವಾಗಿ ಸೇರಿ ಅಂಕಿಯನ್ನು ಇಳಿಸಿಬಿಡುತ್ತವೆ, ಹತ್ತು ಲೈನ್ ಸ್ಪೀಕರ್‌ಗಳು ಕೂಡಿ ಒಂದು 8 ಓಮ್ ಸ್ಪೀಕರ್‌ನ ವೇಷ ಹಾಕಬಲ್ಲವು. ಅದೇ ರೀತಿ, ಗೋಡೆಯ ವಾಲ್ಯೂಮ್ ಗುಂಡಿಯ ಮೂಲಕ ಕೆಳಗಿನಿಂದ ಅಳೆದರೆ ಮೀಟರ್ ಸೊನ್ನೆಯ ಹತ್ತಿರ ತೋರಿಸಬಹುದು. ಅದು ಶಾರ್ಟ್ ಅಲ್ಲ, ಗುಂಡಿಯೊಳಗಿನ ಸುರುಳಿಯ ಪ್ರತಿರೋಧ.

ಜಾತಿ ತಪ್ಪಿದರೆ ಏನಾಗುತ್ತದೆ? 60 ವ್ಯಾಟ್‌ನ ಮನೆ ಆಂಪ್ಲಿಫೈಯರ್ ಕೊಡುವುದು ಹೆಚ್ಚೆಂದರೆ 22 ವೋಲ್ಟ್. 100 ವೋಲ್ಟ್ ನಿರೀಕ್ಷಿಸುವ 6 ವ್ಯಾಟ್ ಸ್ಪೀಕರ್‌ಗೆ ಅದರಿಂದ ಸಿಗುವುದು 0.3 ವ್ಯಾಟ್‌ಗೂ ಕಡಿಮೆ. ಸೊಳ್ಳೆ ಸದ್ದಿನ ಗುಟ್ಟು ಇದೇ. ಇದರಿಂದ ಏನೂ ಸುಡುವುದಿಲ್ಲ ಎಂಬುದಷ್ಟೇ ಸಮಾಧಾನ. ತಿರುಗುಮುರುಗಾದರೆ, ಅಂದರೆ 8 ಓಮ್ ಸ್ಪೀಕರನ್ನು 100 ವೋಲ್ಟ್ ಟರ್ಮಿನಲ್‌ಗೆ ಸಿಕ್ಕಿಸಿದರೆ, ಸ್ಪೀಕರ್‌ನ ಕಾಯಿಲೋ ಆಂಪ್ಲಿಫೈಯರೋ ಸುಟ್ಟುಹೋಗಬಹುದು.

3. ಸ್ಪೀಕರ್ ಇನ್ನೂ ಬದುಕಿದೆಯೇ?

ಕಾಗದದ ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮ್ ಅಂಚಾಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ. ರಬ್ಬರ್ ಅಥವಾ ಬಟ್ಟೆಯ ಅಂಚು ಹೆಚ್ಚು ಬಾಳುತ್ತದೆ. ಎರಡು ಬೆರಳಿಟ್ಟು ಕೋನನ್ನು ಸಮನಾಗಿ ಒಳಕ್ಕೆ ಒತ್ತಿ ಬಿಡಿ. ಗರಗರ ಎಂದರೆ ಕಾಯಿಲ್ ಉಜ್ಜುತ್ತಿದೆ, ತುಕ್ಕು ಹಿಡಿದಿದೆ ಅಥವಾ ಓರೆಯಾಗಿದೆ. ಅಂಥದ್ದನ್ನು ಉಳಿಸಲು ಹೆಣಗಬೇಡಿ.

ಕೋನ್ ಮೇಲೆ ಕಂದು ಉಂಗುರದ ಕಲೆ ಇದ್ದರೆ ಮೇಲೆ ಹೆಂಚು ಒಡೆದಿದೆ ಎಂದರ್ಥ. ಹೆಂಚು ಬದಲಿಸದೆ ಸ್ಪೀಕರ್ ಬದಲಿಸಿದರೆ ಮುಂದಿನ ಜುಲೈಗೆ ಮತ್ತೆ ಅದೇ ಉಂಗುರ. ಜಿಪ್ಸಂ ಸೀಲಿಂಗ್ ಆಗಿದ್ದರೆ ಸ್ಪೀಕರ್ ಸುತ್ತ ಬೋರ್ಡ್ ಜೋತುಬಿದ್ದಿದೆಯೇ ನೋಡಿ. ಒದ್ದೆ ಬೋರ್ಡ್ ಸ್ಪೀಕರ್‌ನ ಭಾರ ತಾಳುವುದಿಲ್ಲ.

4. ವೈರನ್ನು ಗುರುತಿಸಿ

ಕೆಳಗೆ ಆಂಪ್ಲಿಫೈಯರ್ ಜಾಗದಲ್ಲಿ ಒಬ್ಬರು ಪ್ರತಿ ಜೋಡಿ ವೈರಿಗೆ ಸೆಲ್ ಅನ್ನು ಅರೆ ಕ್ಷಣ ಮುಟ್ಟಿಸಲಿ, ಇನ್ನೊಬ್ಬರು ಕೋಣೆ ಕೋಣೆಗೆ ಓಡಲಿ. 'ಟಕ್' ಎಂದ ಸ್ಪೀಕರ್‌ನ ಹೆಸರನ್ನು ಟೇಪ್ ಮೇಲೆ ಬರೆದು ವೈರಿಗೆ ಸುತ್ತಿ. ಸಾಮಾನ್ಯ ಜಾತಿಯ ಸ್ಪೀಕರ್‌ನಲ್ಲಿ ಇನ್ನೊಂದು ಲಾಭವಿದೆ: ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ತಾಗಿದಾಗ ಕೋನ್ ಹೊರಕ್ಕೆ ಜಿಗಿಯುತ್ತದೆ. ಒಳಕ್ಕೆ ಹೋದರೆ ವೈರು ಅದಲುಬದಲಾಗಿದೆ. ಒಂದೇ ಕೋಣೆಯ ಎರಡು ಸ್ಪೀಕರ್ ವಿರುದ್ಧ ದಿಕ್ಕಿನಲ್ಲಿ ಜಿಗಿದರೆ ಬಾಸ್ ಒಂದನ್ನೊಂದು ನುಂಗಿಹಾಕುತ್ತದೆ.

ವೈರಿನ ದಪ್ಪವನ್ನೂ ನೋಡಿ. ನಮ್ಮಲ್ಲಿ ಸ್ಪೀಕರ್‌ಗೆಂದು ಎಳೆದಿರುವುದು ಬಹುಪಾಲು 14/36 ವೈರು, ಸುಮಾರು 0.4 ಚದರ ಮಿ.ಮೀ. ಇಪ್ಪತ್ತು ಮೀಟರ್ ದೂರಕ್ಕೆ ಹೋಗಿ ಬರುವಾಗ ಅದೊಂದೇ 1.7 ಓಮ್ ತಿನ್ನುತ್ತದೆ. 100 ವೋಲ್ಟ್ ಲೈನ್‌ಗೆ ಇದು ಲೆಕ್ಕಕ್ಕಿಲ್ಲ. 8 ಓಮ್ ಸ್ಪೀಕರ್‌ಗೆ ಮಾತ್ರ ಸುಮಾರು ಆರರಲ್ಲೊಂದು ಪಾಲಿನಷ್ಟು ಶಕ್ತಿ ವೈರಿನಲ್ಲೇ ಹೋದಂತೆ. ಹೊಸದಾಗಿ ಎಳೆಯುವುದಿದ್ದರೆ ಅಷ್ಟು ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರು ಹಾಕಿ, ನಷ್ಟ ಅರ್ಧ ಓಮ್ ಒಳಗೆ ನಿಲ್ಲುತ್ತದೆ.

ಹಸಿರುಗಟ್ಟಿದ ತುದಿಗಳನ್ನು ಎರಡು ಮೂರು ಸೆಂ.ಮೀ. ಕತ್ತರಿಸಿ ಹೊಸ ತಾಮ್ರ ಕಾಣುವವರೆಗೆ ಸುಲಿಯಿರಿ. ಸ್ಕ್ರೂ ಅಡಿಗೆ ಹೋಗುವ ತುದಿಗೆ ಬೆಸುಗೆ ಸವರಬೇಡಿ. ಸೀಸ ಒತ್ತಡಕ್ಕೆ ಮೆಲ್ಲಮೆಲ್ಲನೆ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಒತ್ತಿ ಕೂರಿಸುವ ಫೆರೂಲ್ (ಲೋಹದ ಪುಟ್ಟ ಕೊಳವೆ) ಹಾಕಿ.

ಈಗ ಹಲವರು ಆಂಪ್ಲಿಫೈಯರ್ ಸುಟ್ಟುಕೊಳ್ಳುವ ಜಾಗ. ವೈರು ಉಳಿಸಲೆಂದು ಎಡ, ಬಲ ಎರಡೂ ಸ್ಪೀಕರ್‌ಗೆ ಮೂರೇ ಎಳೆ ಎಳೆದು ಮೈನಸನ್ನು ಹಂಚಿಕೊಂಡ ಮನೆಗಳು ಬೇಕಾದಷ್ಟಿವೆ. ಸ್ಪೀಕರ್‌ಗಳನ್ನು ಕಳಚಿಟ್ಟು ಎಡ ಮೈನಸ್–ಬಲ ಮೈನಸ್ ನಡುವೆ ಮೀಟರ್ ಬೀಪ್ ಎಂದರೆ ನಿಮ್ಮದೂ ಹಾಗೆಯೇ. ಇವತ್ತಿನ ಪುಟ್ಟ ಡಿಜಿಟಲ್ ಆಂಪ್ಲಿಫೈಯರ್‌ಗಳು ಬಹುತೇಕ ಬ್ರಿಜ್ ಮಾದರಿಯವು, ಅವುಗಳ ಮೈನಸ್‌ನಲ್ಲೂ ಸಿಗ್ನಲ್ ಇರುತ್ತದೆ. ಎರಡು ಮೈನಸ್ ಕೂಡಿಸಿದರೆ ಪುಣ್ಯವಿದ್ದವರದು ಆಫ್ ಆಗುತ್ತದೆ, ಇಲ್ಲದವರದು ಸುಡುತ್ತದೆ. ನಾಲ್ಕನೇ ಎಳೆ ಎಳೆಯಿರಿ. ಆಗದಿದ್ದರೆ ಎರಡೂ ಸ್ಪೀಕರನ್ನು ಒಂದೇ ಚಾನೆಲ್‌ಗೆ ಸಮಾಂತರವಾಗಿ ಕೊಡಿ.

5. ಹೊರೆಯ ಲೆಕ್ಕ

100 ವೋಲ್ಟ್ ಲೈನ್ ಆದರೆ ಕೂಡುವ ಲೆಕ್ಕವಷ್ಟೇ. ಹಾಲ್‌ನಲ್ಲಿ 6 ವ್ಯಾಟ್‌ಗೆ ಕಟ್ಟಿದ ನಾಲ್ಕು, ಜಗಲಿಯಲ್ಲಿ 3 ವ್ಯಾಟ್‌ನ ನಾಲ್ಕು: ಒಟ್ಟು 36 ವ್ಯಾಟ್. ಆಂಪ್ಲಿಫೈಯರ್‌ನ ಶಕ್ತಿಯ ಶೇ. 80 ಮೀರದಂತೆ ನೋಡಿಕೊಂಡರೆ 60 ವ್ಯಾಟ್‌ನದು ಧಾರಾಳ ಸಾಕು.

ಓಮ್ ಜಾತಿಯಾದರೆ: ಎರಡು 8 ಓಮ್ ಸಮಾಂತರಕ್ಕೆ 4, ನಾಲ್ಕಕ್ಕೆ 2. ಹೆಚ್ಚಿನ ಆಂಪ್ಲಿಫೈಯರ್‌ಗಳು 4ಕ್ಕಿಂತ ಕೆಳಗೆ ಹೋದರೆ ಬಿಸಿಯಾಗಿ ಬಂದ್ ಆಗುತ್ತವೆ. ಹತ್ತು ನಿಮಿಷದ ದೂರು ಇಲ್ಲಿಂದ ಬರುತ್ತದೆ. ನಾಲ್ಕು ಸ್ಪೀಕರ್‌ಗಳಿದ್ದರೆ ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಸರಣಿಗಳನ್ನು ಸಮಾಂತರ ಮಾಡಿದರೆ ಮತ್ತೆ 8 ಓಮ್. ಗೋಡೆಯ ವಾಲ್ಯೂಮ್ ಗುಂಡಿಯೊಳಗೆ 1, 2, 4, 8 ಎಂದು ಬರೆದ ಜಂಪರ್ (ಜಾಗ ಬದಲಿಸಬಹುದಾದ ಪುಟ್ಟ ಕೊಂಡಿ) ಇದ್ದರೆ, ನಾಲ್ಕು ಕೋಣೆಗೆ ಎಲ್ಲವನ್ನೂ 4ಕ್ಕೆ ಇಡಿ.

ಗುಂಡಿ ತಿರುಗಿಸುವಾಗ ಕರಕರ ಅನ್ನುತ್ತಿದ್ದರೆ ಅದನ್ನು ಬಿಟ್ಟು ವೈರನ್ನು ನೇರ ಕೂಡಿಸಿ ನೋಡಿ. 'ಈ ಕೋಣೆಯ ಸ್ಪೀಕರ್ ಹೋಗಿದೆ' ಎಂದು ಕೈಬಿಟ್ಟ ಎಷ್ಟೋ ಕೋಣೆಗಳಲ್ಲಿ ಹೋಗಿರುವುದು ಗುಂಡಿ ಮಾತ್ರ.

6. ಆಂಪ್ಲಿಫೈಯರ್: ಹಳೆಯದನ್ನು ಎಸೆಯುವ ಮುನ್ನ

ಫೋನನ್ನು ಕೇಬಲ್ ಮೂಲಕ ಹಳೆ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ ಕೊಟ್ಟು ಒಂದು ಗಂಟೆ ಹಾಡಿಸಿ. ಸುಟ್ಟ ವಾಸನೆಯಿಲ್ಲ, ಗುಂಯ್ ಇಲ್ಲ, ಎರಡೂ ಕಡೆ ಸದ್ದಿದೆ ಎಂದಾದರೆ ಅದನ್ನು ಇಟ್ಟುಕೊಳ್ಳಿ. ಪುಟ್ಟ ಪೆಟ್ಟಿಗೆಯೊಂದು ಸಾಕು, ಕೆಲಸ ಅರ್ಧಕ್ಕರ್ಧ ಮುಗಿಯಿತು. ಮೈಕ್ ಇನ್‌ಪುಟ್‌ಗೆ ಮಾತ್ರ ಕೊಡಬೇಡಿ, ಒಡೆದ ಸದ್ದು ಬರುತ್ತದೆ.

ಆಂಪ್ಲಿಫೈಯರ್ ಸತ್ತಿದ್ದರೆ: ಓಮ್ ಜಾತಿಗೆ ಸ್ಟ್ರೀಮಿಂಗ್ ಒಳಗೇ ಇರುವ ಆಂಪ್ಲಿಫೈಯರ್ ಕೊಳ್ಳಿ, ಉದಾಹರಣೆಗೆ 8 ಓಮ್‌ಗೆ ಚಾನೆಲ್‌ಗೆ 60 ವ್ಯಾಟ್ ಕೊಡುವ ವಿಮ್ ಆಂಪ್. 100 ವೋಲ್ಟ್ ಲೈನ್‌ಗೆ ಮತ್ತೆ 100 ವೋಲ್ಟ್ ಆಂಪ್ಲಿಫೈಯರನ್ನೇ ತನ್ನಿ. ಟ್ರಾನ್ಸ್‌ಫಾರ್ಮರ್ ಕಿತ್ತು ಸ್ಪೀಕರನ್ನು ಓಮ್ ಜಾತಿಗೆ ಮತಾಂತರಿಸುವ ಸಲಹೆ ಕೇಳಬೇಡಿ: ಒಂದೇ ಲೈನ್‌ನಲ್ಲಿರುವ ಎಂಟು ಸ್ಪೀಕರ್ ಸೇರಿ 1 ಓಮ್ ಆಗುತ್ತದೆ, ಯಾವ ಮನೆ ಆಂಪ್ಲಿಫೈಯರೂ ಅದನ್ನು ಹೊರಲಾರದು.

7. ಈಗ ಪೆಟ್ಟಿಗೆ

ಬ್ಲೂಟೂತ್ ರಿಸೀವರ್ ಅಗ್ಗ. ಆದರೆ ಹತ್ತು ಮೀಟರ್ ಎಂದು ಬರೆದದ್ದು ದಪ್ಪ ಕಲ್ಲಿನ ಗೋಡೆಯಾಚೆ ಉಳಿಯುವುದಿಲ್ಲ, ಮೇಲಾಗಿ ಫೋನ್ ಕರೆ ಬಂದರೆ ಹಾಡು ನಿಲ್ಲುತ್ತದೆ. ವೈ-ಫೈ ಪೆಟ್ಟಿಗೆಯಲ್ಲಿ, ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್ ಬಳಸಿದಾಗ, ಪೆಟ್ಟಿಗೆಯೇ ಇಂಟರ್‌ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತದೆ. ಫೋನ್ ಬರೀ ರಿಮೋಟ್. ಏರ್‌ಪ್ಲೇಯಲ್ಲಿ ಹಾಗಲ್ಲ, ಹಾಡು ಹೆಚ್ಚಾಗಿ ಫೋನಿನಿಂದಲೇ ಹರಿಯುತ್ತದೆ. ನೀವು ದಿನಾ ಬಳಸುವ ಆ್ಯಪ್‌ನಲ್ಲಿ ಯಾವ ಗುರುತಿದೆ ಎಂದು ನೋಡಿಕೊಂಡು ಪೆಟ್ಟಿಗೆ ಆರಿಸಿ.

ಗೂಗಲ್‌ನ ಹಳೆ ಪೆಟ್ಟಿಗೆ ಕ್ರೋಮ್‌ಕಾಸ್ಟ್ ಆಡಿಯೊ ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದು ಹಿಗ್ಗಬೇಡಿ. 2019ರಲ್ಲೇ ಅದರ ತಯಾರಿಕೆ ನಿಂತಿದೆ. 2025ರ ಮಾರ್ಚ್‌ನಲ್ಲಿ ಒಳಗಿನ ಪ್ರಮಾಣಪತ್ರದ ಅವಧಿ ಮುಗಿದು, ಸರಿಪಡಿಸುವವರೆಗೆ ಕೆಲಸ ಮಾಡಲಿಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಕೈಯಾರೆ ಕಟ್ಟುವವರು ದಿಢೀರ್ ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಕೆಡುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದಲ್ಲಿ ದಿನಕ್ಕೆ ಐದಾರು ಸಲ ಕರೆಂಟ್ ಹೋಗುವ ಊರಿನಲ್ಲಿ ಅದು ಸಣ್ಣ ವಿಷಯವಲ್ಲ.

ಬರೀ ತಬಲಾ ಕೇಳುವ ಊಟದ ಕೋಣೆಗೆ ಬರೋಣ. ಎಡ ಚಾನೆಲ್ ಹಾಲ್‌ಗೆ, ಬಲ ಚಾನೆಲ್ ಊಟದ ಕೋಣೆಗೆ ಹೋಗಿದೆ. ಕೋಣೆಗೊಂದೇ ಸ್ಪೀಕರ್ ಇದ್ದರೆ, ಅಥವಾ 100 ವೋಲ್ಟ್ ಲೈನ್ ಆಗಿದ್ದರೆ, ಮೋನೊ, ಅಂದರೆ ಎಡ ಬಲ ಎರಡನ್ನೂ ಕೂಡಿಸಿದ ಸದ್ದು ಬೇಕು. ಪೆಟ್ಟಿಗೆಯ ಆ್ಯಪ್‌ನಲ್ಲಿ ಮೋನೊ ಆಯ್ಕೆ ಇಲ್ಲದಿದ್ದರೆ ಎಡಕ್ಕೊಂದು ಬಲಕ್ಕೊಂದು 1 ಕಿಲೊ ಓಮ್ ರೆಸಿಸ್ಟರ್ ಹಾಕಿ, ಅವುಗಳ ಇನ್ನೊಂದು ತುದಿ ಕೂಡಿಸಿ ಆಕ್ಸ್‌ಗೆ ಕೊಡಿ. ವೈ ಕೇಬಲ್‌ನಿಂದ ಎರಡು ಔಟ್‌ಪುಟ್‌ಗಳನ್ನು ನೇರವಾಗಿ ಬೆಸೆಯಬಾರದು, ಒಂದರ ಮೇಲೊಂದು ತಳ್ಳಾಡಿ ಸದ್ದು ಒಡೆಯುತ್ತದೆ.

8. ಇಂಟರ್‌ನೆಟ್

320 ಕಿಲೊಬಿಟ್‌ನ ಹಾಡಿಗೆ ಗಂಟೆಗೆ 144 ಎಂಬಿ ಸಾಕು. ಹಾಡು ತುಂಡಾಗುವುದಕ್ಕೆ ಹೆಚ್ಚಾಗಿ ವೇಗ ಕಾರಣವಲ್ಲ, ವೈ-ಫೈ ಕಾರಣ. ಪೆಟ್ಟಿಗೆಯನ್ನು ಕಬ್ಬಿಣದ ಕಪಾಟಿನೊಳಗೆ ಇಡಬೇಡಿ. ರೂಟರ್ ಪಕ್ಕದಲ್ಲಿಟ್ಟು ಲ್ಯಾನ್ ಕೇಬಲ್ ಹಾಕಿದರೆ ಅರ್ಧ ತಲೆನೋವು ಹೋಯಿತು.

ಫೋನೂ ಪೆಟ್ಟಿಗೆಯೂ ಒಂದೇ ನೆಟ್‌ವರ್ಕ್‌ನಲ್ಲಿರಬೇಕು. ಹೋಂಸ್ಟೇಯವರು ಇಲ್ಲೇ ಎಡವುತ್ತಾರೆ: ಅತಿಥಿಗಳ ಗೆಸ್ಟ್ ವೈ-ಫೈಗೆ ತಮ್ಮ ಫೋನನ್ನೂ ಸೇರಿಸಿಕೊಂಡು 'ಪೆಟ್ಟಿಗೆ ಕಾಣುತ್ತಿಲ್ಲ' ಎನ್ನುತ್ತಾರೆ. ಗೆಸ್ಟ್ ನೆಟ್‌ವರ್ಕ್ ಇರುವುದೇ ಒಂದು ಸಾಧನ ಇನ್ನೊಂದಕ್ಕೆ ಕಾಣದಿರಲಿ ಎಂದು. ಅಂದಹಾಗೆ, ಮನೆಬಳಕೆಯ ಸ್ಪಾಟಿಫೈ ಚಂದಾ ಅತಿಥಿಗಳಿಗೆ ಕೇಳಿಸಲು ಅಲ್ಲ. ವ್ಯಾಪಾರದ ಜಾಗದಲ್ಲಿ ಹಾಡು ಹಾಕಲು ಹಕ್ಕುದಾರರ ಪರವಾನಗಿ ಬೇರೆಯೇ ಬೇಕು.

ಮರ ಬಿದ್ದು ಲೈನ್ ಕಡಿದ ದಿನಕ್ಕೂ ಒಂದು ದಾರಿ ಇರಲಿ. ಯುಎಸ್‌ಬಿ ಡ್ರೈವ್ ಓದುವ ಪೆಟ್ಟಿಗೆಯಾದರೆ 64 ಜಿಬಿ ಪೆನ್‌ಡ್ರೈವ್‌ನಲ್ಲಿ 400 ಗಂಟೆಗೂ ಮೀರಿ ಹಾಡು ಹಿಡಿಸುತ್ತದೆ. ಮಡಿಕೇರಿ ಆಕಾಶವಾಣಿ ಕೇಳುವವರು ಎಫ್‌ಎಂ ಟ್ಯೂನರನ್ನು ಇನ್ನೊಂದು ಇನ್‌ಪುಟ್‌ಗೆ ಸಿಕ್ಕಿಸಿಡಲಿ, ಅದಕ್ಕೆ ನೆಟ್‌ನ ಹಂಗಿಲ್ಲ.

9. ಸದ್ದಿನ ಮಟ್ಟ ಕೂರಿಸಿ

ಗೋಡೆಯ ಗುಂಡಿಗಳನ್ನೆಲ್ಲ ಪೂರ್ತಿ ತೆರೆಯಿರಿ. ಆಂಪ್ಲಿಫೈಯರ್ ಗುಂಡಿ ಸೊನ್ನೆಯಲ್ಲಿರಲಿ, ಪೆಟ್ಟಿಗೆ ಶೇ. 80ರಲ್ಲಿರಲಿ. ಆಮೇಲೆ ಆಂಪ್ಲಿಫೈಯರನ್ನು ನಿಧಾನ ಏರಿಸುತ್ತ, ಮನೆಗೆ ಬೇಕಾದ ಅತಿ ದೊಡ್ಡ ಸದ್ದು ಬಂದಲ್ಲಿ ನಿಲ್ಲಿಸಿ ಗುರುತು ಹಾಕಿ. ಇನ್ನು ಮುಂದೆ ಆ ಗುಂಡಿ ಮುಟ್ಟಬೇಡಿ, ಫೋನಿನಿಂದಲೇ ಏರಿಳಿಸಿ. ಚಿಕ್ಕ ಆಂಪ್ಲಿಫೈಯರನ್ನು ಅರಚಿಸುವುದು ದೊಡ್ಡದನ್ನು ಮೆಲ್ಲಗೆ ಹಾಡಿಸುವುದಕ್ಕಿಂತ ಸ್ಪೀಕರ್‌ಗೆ ಹೆಚ್ಚು ಅಪಾಯ.

ಗುಂಯ್ ಎಂಬ ಹೂಂಕಾರ ಕೇಳಿದರೆ ಪೆಟ್ಟಿಗೆಯನ್ನು ಅಡಾಪ್ಟರ್ ಬದಲು ಪವರ್ ಬ್ಯಾಂಕ್‌ನಿಂದ ನಡೆಸಿ ನೋಡಿ. ನಿಂತಿತೆಂದರೆ ಅರ್ತ್ ಸುತ್ತುಹಾಕುತ್ತಿದೆ: ಪೆಟ್ಟಿಗೆ, ಆಂಪ್ಲಿಫೈಯರ್ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ತನ್ನಿ, ಸಾಲದಿದ್ದರೆ ಆಡಿಯೊ ಐಸೊಲೇಟರ್ ಹಾಕಿ. ಅರ್ತ್ ಪಿನ್ ಕತ್ತರಿಸುವುದು ಪರಿಹಾರವಲ್ಲ, ಜೀವಕ್ಕೆ ಕುತ್ತು. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದಾಗ ಮಾತ್ರ ಗುಂಯ್ ಬಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್.

10. ಮಳೆ, ಮಿಂಚು

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಲ್ಯಾನ್ ಕೇಬಲ್, ತಾಮ್ರದ ಟೆಲಿಫೋನ್ ಲೈನ್ ಉಳಿದಿದ್ದರೆ ಅದನ್ನೂ. ತೋಟದ ಗಜೆಬೊವರೆಗೆ ಎಳೆದ ಉದ್ದ ಸ್ಪೀಕರ್ ವೈರು ಕೂಡ ಮಿಂಚಿನ ಹೊಡೆತವನ್ನು ಒಳಗೆ ತರುತ್ತದೆ. ಬನಾನಾ ಪ್ಲಗ್ ಹಾಕಿಟ್ಟರೆ ಒಂದೇ ಸೆಳೆತಕ್ಕೆ ಕಳಚಬಹುದು.

ಆಂಪ್ಲಿಫೈಯರನ್ನು ಹೊರಗೋಡೆಗೆ ಒರಗಿಸದೆ ಹತ್ತು ಸೆಂ.ಮೀ. ಬಿಟ್ಟು ಇಡಿ. ಮಳೆಗಾಲದಲ್ಲಿ ಮಿಂಚಿಲ್ಲದ ದಿನ ಅರ್ಧ ಗಂಟೆಯಾದರೂ ನಡೆಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮೂರು ತಿಂಗಳು ಮುಚ್ಚಿಟ್ಟು ಹುತ್ತರಿ ಹಬ್ಬದ ಹೊತ್ತಿಗೆ ಆನ್ ಮಾಡಿದರೆ ಮೊದಲು ಕೇಳುವುದು ಗುಂಡಿಗಳ ಕರಕರ.

ಅಟ್ಟದ ವೈರಿಗೆ ಲೋಹದ ಫ್ಲೆಕ್ಸಿಬಲ್ ಪೈಪ್ ಹಾಕಿ. ಪ್ಲಾಸ್ಟಿಕ್ ಇಲಿಗೆ ತಿಂಡಿ. ಕರೆಂಟ್ ಬಂದ ಮೇಲೆ ಪೆಟ್ಟಿಗೆ ಎದ್ದರೂ ರೂಟರ್ ಏಳಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಕೆಲವು ಪೆಟ್ಟಿಗೆಗಳು ನೆಟ್ ಹುಡುಕಿ ಸೋತು ಕೂರುತ್ತವೆ. ರೂಟರ್, ಫೈಬರ್ ಮೋಡೆಮ್, ಪೆಟ್ಟಿಗೆ ಮೂರನ್ನೂ ಒಂದೇ ಪುಟ್ಟ ಯುಪಿಎಸ್‌ಗೆ ಕೊಡಿ.

ಕೊನೆಯ ಕೆಲಸ: ಯಾವ ಸ್ಪೀಕರ್ ಎಷ್ಟು ವ್ಯಾಟ್‌ಗೆ ಕಟ್ಟಿದೆ, ಯಾವ ಬಣ್ಣದ ವೈರು ಯಾವ ಕೋಣೆಗೆ, ಜಂಪರ್ ಎಷ್ಟರಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಇಲ್ಲಿನ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡಿಹೋಗುತ್ತದೆ.